ಟ್ರಸ್ಟ್‌ಗೆ ಹೊಸ ಗುರುತು: ಆನೆ ಬೇಡ ಅಕ್ಕಾ, ಮೀನು ನೋಡಿ

ಅಕ್ಕಾ, ನಮಸ್ಕಾರ. ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ, ಪುರುಸೊತ್ತಾಗಿ ಬರೆಯೋಣ ಅಂತ ಇಟ್ಟುಕೊಂಡಿದ್ದೆ. ಕೊಡಗಿನ ನಾಪೋಕ್ಲು ಸುತ್ತಿನ ತೋಡು (ಸಣ್ಣ ಹಳ್ಳ), ಹೊಳೆ ಕಾಯುವ ನಿಮ್ಮ ಟ್ರಸ್ಟ್‌ನ ಹೆಸರು ತುಂಬಾ ಉದ್ದ. ಭೂಗೋಳ ಹಿಡಿದ ಎರಡು ಕೈಗಳ ಹಳೇ ಲೋಗೊ ಯಾರಿಗೂ ನೆನಪಿರುವುದಿಲ್ಲ. ಹೊಸದು ಮಾಡೋಣ ಅಂದರೆ ಸಮಿತಿಯಲ್ಲಿ ಅರ್ಧ ಜನ ಆನೆ ಅನ್ನುತ್ತಾರೆ, ಅರ್ಧ ಜನ ಕಾವೇರಮ್ಮ ಅನ್ನುತ್ತಾರೆ. ಇಷ್ಟು ತಾನೇ? ಮಡಿಕೇರಿಯಲ್ಲಿ ಪ್ರಿಂಟಿಂಗ್ ಕೆಲಸ ಮಾಡಿಕೊಂಡೇ ಬಂದವನು ನಾನು. ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳುತ್ತೇನೆ.

ಆನೆ ಬೇಡ. ರಾತ್ರಿ ಬಾಳೆ, ಹಲಸು ತಿಂದು ಕಾಫಿ ಗಿಡ ಮುರಿದು ಹೋದ ತೋಟಕ್ಕೆ ಬೆಳಿಗ್ಗೆ ಆನೆ ಚಿತ್ರದ ಜೀಪಿನಲ್ಲಿ ಹೋಗಿ "ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರು ತೋಡಿಗೆ ಬಿಡಬೇಡಿ" ಅಂದರೆ ಯಾರು ಕೇಳುತ್ತಾರೆ? ಆನೆ ದಾಳಿಗೆ ಮನೆಯವರನ್ನು ಕಳೆದುಕೊಂಡ ಕುಟುಂಬಗಳು ನಮ್ಮ ನಡುವೆಯೇ ಇವೆ. ಬೆಂಗಳೂರಿನ ದಾನಿಗಳಿಗೆ ಆನೆ ಚೆಂದ ಕಾಣಬಹುದು. ಆದರೆ ನಿಮ್ಮ ಕೆಲಸ ನಡೆಯಬೇಕಾದದ್ದು ಇಲ್ಲಿನ ತೋಟದವರ ಜೊತೆ ಅಲ್ವಾ?

ಕಾವೇರಮ್ಮನ ಚಿತ್ರವೂ ಬೇಡ ಅನ್ನುತ್ತೇನೆ, ಭಕ್ತಿ ಇರುವುದರಿಂದಲೇ. ಲೋಗೊ ಅಂದಮೇಲೆ ಅದು ಕಸದ ಚೀಲದ ಮೇಲೆ, ಟೀ ಶರ್ಟ್ ಮೇಲೆ, ಕೊನೆಗೆ ಗಂಬೂಟ್ ಮೇಲೂ ಬರುತ್ತದೆ. ಕಾವೇರಿ ಸಂಕ್ರಮಣದ ಹೊತ್ತಿಗೆ ಕಣಿ ಪೂಜೆ ಮಾಡುವ ಮನೆಯವರಿಗೆ ಅಮ್ಮನ ಚಿತ್ರ ಕೆಸರಿನಲ್ಲಿ ಬಿದ್ದಿರುವುದನ್ನು ನೋಡೋಕಾಗುತ್ತಾ?

ನನ್ನ ಸಲಹೆ ಮಹಶೀರ್ ಮೀನು. ಅದರಲ್ಲೂ ಬೆನ್ನಿನ ಮೇಲೆ ಡುಬ್ಬ ಇರುವ, ಕಿತ್ತಳೆ ಬಣ್ಣದ ರೆಕ್ಕೆಯ ಜಾತಿ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಅದು ಬೇರೆಲ್ಲೂ ಇಲ್ಲ. 2018ರಲ್ಲಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಅದನ್ನು ಅಳಿವಿನ ಅಂಚಿಗೆ ಬಂದಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಚಿತ್ರ ಬರೆಯುವವರಿಗೂ ಅನುಕೂಲ: ದೊಡ್ಡ ದೊಡ್ಡ ಹುರುಪೆ, ಒಂದು ಡುಬ್ಬ, ನಾಲ್ಕು ಗೆರೆಯಲ್ಲಿ ಮೀನು ಎದ್ದು ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಕೆಲಸದ ಕಥೆ ಅದರಲ್ಲೇ ಇದೆ. ಪಲ್ಪಿಂಗ್ ನೀರಿನಲ್ಲಿರುವ ಲೋಳೆ, ಸಕ್ಕರೆ ಅಂಶ ಕೊಳೆಯುವಾಗ ನೀರಿನ ಆಕ್ಸಿಜನ್ ಎಲ್ಲ ಹೀರಿಕೊಳ್ಳುತ್ತದೆ. ಕುಯ್ಲಿನ ಹೊತ್ತಿಗೆ ತೋಡಿನಲ್ಲಿ ನೀರೂ ಕಡಿಮೆ. ಮೀನಿಗೆ ಉಸಿರು ಕಟ್ಟುತ್ತದೆ. ಲೋಗೊ ತೋರಿಸಿ ಇಷ್ಟು ಹೇಳಿದರೆ ಶಾಲೆ ಮಕ್ಕಳಿಗೂ ಅರ್ಥವಾಗುತ್ತದೆ, ತೋಟದ ಮಾಲೀಕರಿಗೂ ಬೈದಂತೆ ಅನ್ನಿಸುವುದಿಲ್ಲ.

ಮೊದಲು ಕಪ್ಪು ಬಿಳುಪಿನಲ್ಲೇ ಬರೆಸಿ, ಬಣ್ಣ ಆಮೇಲೆ. ವನ್ಯಜೀವಿ ಉಳಿಸುವ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯವರು 1961ರಲ್ಲಿ ಪಾಂಡಾ ಆರಿಸಿಕೊಂಡದ್ದಕ್ಕೆ ಒಂದು ಕಾರಣ ಇದೇ: ಕಪ್ಪು ಬಿಳುಪಿನಲ್ಲೂ ಎದ್ದು ಕಾಣುತ್ತದೆ, ಪ್ರಿಂಟಿಂಗ್ ಖರ್ಚೂ ಉಳಿಯುತ್ತದೆ. ಬರೆಸಿದ್ದನ್ನು ರಬ್ಬರ್ ಸೀಲ್‌ನಷ್ಟು ಚಿಕ್ಕದು ಮಾಡಿ ನೋಡಿ, ವಾಟ್ಸ್ಆ್ಯಪ್ ಡಿಪಿಯ ಗುಂಡು ಚೌಕಟ್ಟಿನಲ್ಲೂ ಇಟ್ಟು ನೋಡಿ. ಮೀನು ಮೀನಿನ ಹಾಗೆ ಕಾಣದಿದ್ದರೆ ಇನ್ನೂ ಗೆರೆ ಕಡಿಮೆ ಮಾಡಿಸಿ.

ಈಗ ಹೆಸರು. "ಪರಿಸರ ಸಂರಕ್ಷಣಾ ಮತ್ತು ಗ್ರಾಮೀಣಾಭಿವೃದ್ಧಿ" ಅಂತ ಸೀಲ್ ಮಾಡಿಸಿದರೆ ಒತ್ತಕ್ಷರದ ಸಂದಿಯಲ್ಲಿ ಇಂಕ್ ತುಂಬಿ ಮಸಿ ಮುದ್ದೆ ಆಗುತ್ತದೆ. ನಿಮ್ಮ ಹಳೇ ಲೆಟರ್‌ಹೆಡ್‌ನಲ್ಲೇ ನೋಡಿ, "ವೃದ್ಧಿ"ಯ ಕೆಳಗಿನ ಒತ್ತು ಅರ್ಧ ಕತ್ತರಿಸಿಹೋಗಿದೆ. ಊರಿನವರು ನಿಮ್ಮನ್ನು "ತೋಡಿನವರು" ಅಂತ ಕರೆಯುತ್ತಾರೆ ಅಂತ ನೀವೇ ಬರೆದಿದ್ದೀರಿ. ಅದನ್ನೇ ಇಟ್ಟುಕೊಳ್ಳಿ! ಒತ್ತು ಇಲ್ಲ, ಚಿಕ್ಕದಿದೆ, ಕೊಡವ ತಕ್ಕ್, ತುಳು, ಮಲಯಾಳ ಮಾತಾಡುವವರಿಗೂ ತಿಳಿಯುತ್ತದೆ. ನೋಂದಣಿಯ ಹೆಸರು ಹಾಗೇ ಇರಲಿ. ಅದನ್ನು ಮುಟ್ಟಿದರೆ ಟ್ರಸ್ಟ್ ಡೀಡ್ ತಿದ್ದುಪಡಿ, ಪ್ಯಾನ್, ಆದಾಯ ತೆರಿಗೆ ರಿಯಾಯಿತಿಯ ನೋಂದಣಿ, ಬ್ಯಾಂಕ್ ಖಾತೆ ಅಂತ ಸುಮ್ನೆ ಅಲೆದಾಟ. ಬೋರ್ಡ್ ಮೇಲೆ ದೊಡ್ಡದಾಗಿ ಕರೆಯುವ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ನೋಂದಣಿಯ ಹೆಸರು ಹಾಕಿ. ರಸೀದಿಯಲ್ಲಿ ಮಾತ್ರ ನೋಂದಣಿಯ ಹೆಸರೇ ಎದ್ದು ಕಾಣಬೇಕು, ದಾನಿಗಳಿಗೆ ತೆರಿಗೆ ರಿಯಾಯಿತಿಗೆ ಅದೇ ಬೇಕು.

ಅಕ್ಷರಕ್ಕೆ ಬಾಲೂ ತಮ್ಮ ಅಥವಾ ಅನೇಕ್ ಕನ್ನಡ ಫಾಂಟ್ ನೋಡಿ. ಎರಡೂ ಉಚಿತ, ದಪ್ಪ ಮಾಡಿದರೂ ಓದಲು ಬರುತ್ತವೆ. ಸಮಿತಿಯಲ್ಲಿ ಯಾರಾದರೂ ಗಂಡಭೇರುಂಡವೂ ಇರಲಿ ಅಂದರೆ ಒಪ್ಪಬೇಡಿ. ಸರ್ಕಾರದ ಲಾಂಛನ ಬಳಸುವುದಕ್ಕೆ, ಲಾಂಛನಗಳ ದುರ್ಬಳಕೆ ತಡೆಯುವ 1950ರ ಕಾಯ್ದೆಯ ಅಡ್ಡಿ ಇದೆ.

ಬೋರ್ಡ್ ವಿಷಯದಲ್ಲಿ ದಯವಿಟ್ಟು ಫ್ಲೆಕ್ಸ್ ಮುಟ್ಟಬೇಡಿ. 2016ರಲ್ಲೇ ನಮ್ಮ ರಾಜ್ಯದಲ್ಲಿ ನಿಷೇಧ ಆಗಿದೆ. ಮೇಲಾಗಿ ಹೊಳೆ ಉಳಿಸಿ ಅನ್ನುವ ಫ್ಲೆಕ್ಸ್ ಜುಲೈ ಗಾಳಿಗೆ ಹರಿದು ಅದೇ ಹೊಳೆಗೆ ಬಿದ್ದರೆ ಜನ ನಿಮ್ಮ ಮಾತು ನಂಬುವುದಿಲ್ಲ. ತಗಡಿನ ಮೇಲೆ ಪೇಂಟ್ ಮಾಡಿಸಿ. ಹಿನ್ನೆಲೆ ಬಿಳಿ ಬೇಡ, ನಮ್ಮ ಮಳೆಗೆ ಪಾಚಿ ಹಿಡಿದು ಒಂದೇ ಮಳೆಗಾಲಕ್ಕೆ ಹಸಿರಾಗುತ್ತದೆ. ಕಡು ನೀಲಿ ಹಿನ್ನೆಲೆಗೆ ಬಿಳಿ ಅಕ್ಷರ, ಮೀನಿನ ರೆಕ್ಕೆಗೆ ಮಾತ್ರ ಕಿತ್ತಳೆ ಸಾಕು.

ಡಿಸೈನರ್ ಯಾರೇ ಆಗಲಿ, ದುಡ್ಡು ಕೊಡುವ ಮೊದಲು ಹಕ್ಕು ಟ್ರಸ್ಟ್‌ಗೆ ಸೇರಿದ್ದು ಅಂತ ಬರೆಸಿಕೊಂಡು ಸಹಿ ಹಾಕಿಸಿ. ಬರೀ ಜೆಪೆಗ್ ಕೊಟ್ಟರೆ ಸಾಲದು, ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯದ ಎಸ್‌ವಿಜಿ ಅಥವಾ ಪಿಡಿಎಫ್ ಮೂಲ ಫೈಲ್ ಕೇಳಿ. ಹಳೇ ಲೆಟರ್‌ಹೆಡ್ ಎಸೆಯಬೇಡಿ ಅಕ್ಕಾ, ಮುಗಿಯುವವರೆಗೆ ಬಳಸಿ. ಮೊದಲ ಸ್ಕೆಚ್ ಬಂದ ಕೂಡಲೇ ಇಲ್ಲಿ ಹಾಕಿ, ಸೀಲ್ ಅಳತೆಗೆ ಇಳಿಸಿ ಪ್ರಿಂಟ್ ತೆಗೆದು ನಾನೇ ಫೋಟೊ ಕಳಿಸುತ್ತೇನೆ.