ಓದುಗರ ಪ್ರಶ್ನೆ: ಬೆಳ್ಳಕ್ಕಿಗಳ ಕಾಟ

ಪ್ರಶ್ನೆ: ಮೈಸೂರಿನಲ್ಲಿ ಕೆರೆಯ ಸಮೀಪದಲ್ಲಿ ನಮ್ಮ ಮನೆಯಿದೆ. ಅಂಗಳದ ಹುಣಸೆ ಮರದಲ್ಲಿ ಮಳೆಗಾಲ ಬಂತೆಂದರೆ ನೂರಾರು ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಹಗಲಿರುಳೂ ಮರಿಗಳ ಕಿರುಚಾಟ, ಒಣಗಲು ಹಾಕಿದ ಬಟ್ಟೆಯ ಮೇಲೆಲ್ಲ ಹಿಕ್ಕೆ, ಬಾಗಿಲು ತೆಗೆದರೆ ಕೊಳೆತ ಮೀನಿನ ವಾಸನೆ. ಕೊಂಬೆಗಳನ್ನು ಕಡಿಸಬಹುದೇ?

ಉತ್ತರ: ಈಗ ಖಂಡಿತ ಬೇಡ. ಗೂಡು, ಮೊಟ್ಟೆಗಳನ್ನು ನಾಶಪಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮರಿಗಳೆಲ್ಲ ಹಾರಿಹೋದ ಬಳಿಕ, ಅರಣ್ಯ ಇಲಾಖೆಯನ್ನು ವಿಚಾರಿಸಿಕೊಂಡು, ಮನೆಯ ಮೇಲೆ ಚಾಚಿದ ಕೊಂಬೆಗಳನ್ನಷ್ಟೇ ಸವರಿಸಬಹುದು. ಪಟಾಕಿ ಸಿಡಿಸಿದರೆ ಗಾಬರಿಗೊಂಡ ಮರಿಗಳು ಅಂಗಳಕ್ಕೆ ಬಿದ್ದು ಸತ್ತು, ನೀವು ದೂರುವ ವಾಸನೆಯೇ ಹೆಚ್ಚುತ್ತದೆ.

ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಸೋಂಕು ತರಬಹುದಾದ್ದರಿಂದ, ಅದನ್ನು ಹಾಗೆಯೇ ಗುಡಿಸದೆ, ನೀರು ಚಿಮುಕಿಸಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಬಳಿಯಬೇಕು. ನೀರಿನ ತೊಟ್ಟಿಗೆ ಮುಚ್ಚಳವಿರಲಿ. ಬಟ್ಟೆ ಒಣಹಾಕುವ ಹಗ್ಗವನ್ನು ಮನೆಯ ಹಿಂಬದಿಗೆ ಕಟ್ಟಿಕೊಳ್ಳಿ. ಕಿರುಚಾಟಕ್ಕೆ ಮಾತ್ರ ನಮ್ಮಲ್ಲಿ ಮದ್ದಿಲ್ಲ, ಕಿಟಕಿ ಮುಚ್ಚಿಕೊಳ್ಳುವುದೊಂದೇ ದಾರಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿಬನ್ನಿ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದ, ಅಂದರೆ ಊರವರೇ ಸೇರಿ ವನ್ಯಜೀವಿಗಳನ್ನು ಕಾಯುವ ಜಾಗವಾದ ಆ ಊರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಬಿದ್ದ ಹಿಕ್ಕೆ ಅಲ್ಲಿನ ರೈತರಿಗೆ ಗೊಬ್ಬರವಾಗಿದೆ. ನೀವೂ ಮರದ ಬುಡಕ್ಕೆ ಕೆರೆಗೋಡು (ಕೆರೆಯ ಹೂಳು ಮಣ್ಣು) ಹರಡಿ, ಹಿಕ್ಕೆ ಬೆರೆತ ಮಣ್ಣನ್ನು ಕೆಲವು ತಿಂಗಳು ಕೊಳೆಯಿಸಿ ಗಿಡಗಳಿಗೆ ಹಾಕಬಹುದು. ಹಸಿಯಾಗಿ ಹಾಕಿದರೆ ಬೇರು ಸುಟ್ಟುಹೋಗುತ್ತದೆ.