ಲೂರ್ ತೂಕ ನೋಡಿ, ಆಮೇಲೆ ರಾಡ್ ಕೊಳ್ಳಿ

ಪ್ರಶ್ನೆ: ಬ್ಯಾಸ್ ಮೀನು ಹಿಡಿಯಲೆಂದು ಒಂದೇ ಒಂದು ರಾಡ್ (ಗಾಳದ ಕೋಲು) ಕೊಳ್ಳಬೇಕಿದೆ. ‘ಮೀಡಿಯಂ ಹೆವಿ’, ‘ಫಾಸ್ಟ್’ ಎಂದೆಲ್ಲ ಬರೆದಿರುತ್ತಾರಲ್ಲ, ಎರಡೂ ಒಂದೇ ತಾನೇ?

ಉತ್ತರ: ಒಂದೇ ಅಲ್ಲ. ಮೀಡಿಯಂ, ಹೆವಿ ಎಂಬುದು ರಾಡಿನ ಬಲ. ಬಗ್ಗಿಸಲು ಎಷ್ಟು ಭಾರ ಬೇಕು ಎನ್ನುವ ಲೆಕ್ಕ. ಫಾಸ್ಟ್, ಮಾಡರೇಟ್ ಎಂಬುದು ಎಲ್ಲಿಂದ ಬಗ್ಗುತ್ತದೆ ಎಂದು ಹೇಳುತ್ತದೆ. ಫಾಸ್ಟ್ ಆದರೆ ತುದಿಯಷ್ಟೇ ಬಾಗುತ್ತದೆ, ಮಾಡರೇಟ್ ಆದರೆ ಹೆಚ್ಚುಕಡಿಮೆ ನಡುವಿನ ತನಕ.

ಈ ಹೆಸರುಗಳನ್ನು ಪೂರ್ತಿ ನಂಬಬೇಡಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಮೀಡಿಯಂ ಹೆವಿಯಷ್ಟು ಗಟ್ಟಿ ಇರುವುದುಂಟು. ಹಿಡಿಯ ಮೇಲ್ಗಡೆ ರಾಡಿನ ಮೈಮೇಲೆ ಬರೆದಿರುವ ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ತೂಕವನ್ನೇ ಓದಿ: ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದಿರುತ್ತದೆ. ನೀವು ಹೆಚ್ಚಾಗಿ ಎಸೆಯುವ ಲೂರ್ ಆ ಎರಡು ಅಂಕಿಗಳ ನಡುವೆ ಬರಬೇಕು, ಅಂಚಿನಲ್ಲಲ್ಲ. 7ರಿಂದ 21 ಗ್ರಾಂಗೆ ಮಾಡಿದ ರಾಡಿನಲ್ಲಿ 3 ಗ್ರಾಂ ಲೂರ್ ಕಟ್ಟಿದರೆ ರಾಡ್ ಬಾಗುವುದೇ ಇಲ್ಲ. ಬಾಗದ ರಾಡ್ ಎಸೆಯುವುದೂ ಇಲ್ಲ, ದುಡಿಯುವುದು ನಿಮ್ಮ ತೋಳು ಮಾತ್ರ.

ಒಂದೇ ಸಾಕೆಂದರೆ 7 ಅಡಿಯ ಮೀಡಿಯಂ, ಫಾಸ್ಟ್ ಸ್ಪಿನ್ನಿಂಗ್ ರಾಡ್ (ರೀಲ್ ಕೆಳಗೆ ತೂಗುವ ಬಗೆ), ಅದಕ್ಕೆ 2500 ಅಳತೆಯ ರೀಲ್, ಅಂದರೆ ದಾರ ಸುತ್ತುವ ರಾಟೆ. ಮೆತ್ತನೆಯ ಪ್ಲಾಸ್ಟಿಕ್ ಹುಳುವಿನೊಳಗೆ ಗಾಳದ ಮುಳ್ಳು ಹುದುಗಿಸಿ ಆಡುವವರಿಗೆ ಫಾಸ್ಟ್ ತುದಿಯೇ ಬೇಕು. ಪ್ಲಾಸ್ಟಿಕ್ಕನ್ನು ಸೀಳಿ ಮುಳ್ಳು ದವಡೆಗೆ ಇಳಿಯಬೇಕಲ್ಲ. ಮೂರು ಮುಳ್ಳಿನ ಗಾಳವಿರುವ, ಎಳೆದಾಗ ಅಲುಗಾಡುತ್ತ ಮುಳುಗುವ ಗಟ್ಟಿ ಲೂರ್ ಆದ ಕ್ರ್ಯಾಂಕ್‌ಬೈಟ್‌ಗೆ ಮಾತ್ರ ಮಾಡರೇಟ್ ಒಳ್ಳೆಯದು. ಸಣ್ಣ ಮುಳ್ಳುಗಳು ತೊಗಲಿನಂಚಿಗೆ ಸಿಕ್ಕಿರುತ್ತವೆ, ಗಟ್ಟಿ ರಾಡಿನಲ್ಲಿ ಜಗ್ಗಿದರೆ ಹರಿದುಕೊಂಡು ಬರುತ್ತವೆ.

ಪ್ರಶ್ನೆ: ಸ್ಪಿನ್ನಿಂಗ್ ರೀಲಿಗೆ ಬ್ರೇಯ್ಡ್ (ಹಲವು ಎಳೆ ಹೆಣೆದ) ದಾರ ಸುತ್ತಿದ್ದೇನೆ. ಡ್ರ್ಯಾಗ್ (ಮೀನು ಜಗ್ಗಿದಾಗ ದಾರ ಬಿಡುವ ಬಿಗಿತ) ಎಷ್ಟು ಬಿಗಿ ಮಾಡಿದರೂ ದಾರ ಜಾರುತ್ತದೆ. ರೀಲ್ ಕೆಟ್ಟಿದೆಯೇ?

ಉತ್ತರ: ಬಹುಶಃ ಇಲ್ಲ. ಸ್ಪೂಲ್ (ದಾರ ಸುತ್ತಿರುವ ಉರುಳೆ) ಅಲುಗದಂತೆ ಅದರ ಅಂಚನ್ನು ಹಿಡಿದು ದಾರ ಎಳೆಯಿರಿ. ಆಗಲೂ ದಾರ ಬಂದರೆ, ಸುತ್ತಿದ ದಾರವೆಲ್ಲ ಒಂದೇ ಉಂಡೆಯಾಗಿ ನುಣುಪಾದ ಸ್ಪೂಲಿನ ಮೇಲೆ ತಿರುಗುತ್ತಿದೆ ಎಂದರ್ಥ. ಪೂರ್ತಿ ಬಿಚ್ಚಿ, ಅಡಿಯಲ್ಲಿ ಹತ್ತು ಹದಿನೈದು ಸುತ್ತು ಮಾನೋ ದಾರ (ಒಂದೇ ಎಳೆಯ ನೈಲಾನ್) ಸುತ್ತಿ, ಅದಕ್ಕೆ ಬ್ರೇಯ್ಡ್ ಗಂಟು ಹಾಕಿ. ಮತ್ತೆ ಸುತ್ತುವಾಗ ದಾರವನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿಯೇ ಬಿಡಿ. ಸ್ಪೂಲ್ ಅಂಚಿಗೆ 2–3 ಮಿ.ಮೀ. ಖಾಲಿ ಇರಲಿ.

ಬ್ರೇಯ್ಡ್ ಕಣ್ಣಿಗೆ ಕಾಣುತ್ತದೆ. ನೀರು ತಿಳಿಯಾಗಿದ್ದರೆ ತುದಿಗೆ ಒಂದೆರಡು ಮೀಟರ್ 8 ಅಥವಾ 10 ಪೌಂಡ್ ಬಲದ ಫ್ಲೋರೋಕಾರ್ಬನ್ (ನೀರಿನಲ್ಲಿ ಸುಲಭಕ್ಕೆ ಕಾಣದ ದಾರ) ಸೇರಿಸಿ. ತೇಲುವ ಲೂರಿಗೆ ಮಾತ್ರ ಅದು ಬೇಡ: ಫ್ಲೋರೋಕಾರ್ಬನ್ ಮುಳುಗುತ್ತದೆ, ಲೂರಿನ ಮೂತಿಯನ್ನೂ ಕೆಳಕ್ಕೆಳೆಯುತ್ತದೆ. ಅಲ್ಲಿಗೆ ಮಾನೋ ಸರಿ.

ಪ್ರಶ್ನೆ: ಬೈಟ್‌ಕಾಸ್ಟಿಂಗ್ ರೀಲಿನಲ್ಲಿ (ಎಸೆದಾಗ ಸ್ಪೂಲೇ ತಿರುಗಿ ದಾರ ಬಿಡುವ ಬಗೆ) ಎಸೆದಾಗಲೆಲ್ಲ ದಾರ ಗೋಜಲಾಗಿ ಹಕ್ಕಿಗೂಡಾಗುತ್ತದೆ.

ಉತ್ತರ: ಲೂರ್ ನಿಧಾನವಾದರೂ ಸ್ಪೂಲ್ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ, ಹೆಚ್ಚಾದ ದಾರಕ್ಕೆ ಹೋಗಲು ಜಾಗವಿಲ್ಲ. ಲೂರ್ ಕಟ್ಟಿ, ರಾಡ್ ಅಡ್ಡ ಹಿಡಿದು, ದಾರ ಬಿಡುವ ಗುಂಡಿ ಒತ್ತಿ. ಲೂರ್ ನಿಧಾನವಾಗಿ ಇಳಿದು, ನೆಲ ಮುಟ್ಟಿದೊಡನೆ ಸ್ಪೂಲ್ ನಿಲ್ಲುವಂತೆ ಪಕ್ಕದ ಟೆನ್ಷನ್ ತಿರುಪನ್ನು ಹೊಂದಿಸಿ. ಲೂರ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಬಹಳ ಜನ ಮರೆಯುವುದು ಇಲ್ಲಿಯೇ. ಸ್ಪೂಲಿನ ವೇಗ ತಡೆಯುವ ಬ್ರೇಕನ್ನು ಮೊದಲು ಮುಕ್ಕಾಲು ಪಾಲು ಇಟ್ಟು, ಕೈ ಪಳಗಿದಂತೆ ಇಳಿಸುತ್ತ ಬನ್ನಿ. ಲೂರ್ ನೀರು ಮುಟ್ಟುವ ಮುಂಚೆಯೇ ಹೆಬ್ಬೆರಳು ಸ್ಪೂಲಿನ ಮೇಲಿರಲಿ. ಕಲಿಯುವಾಗ 10 ಗ್ರಾಂಗಿಂತ ಹಗುರವಾದುದು ಬೇಡ, ಎದುರುಗಾಳಿಯಂತೂ ಬೇಡವೇ ಬೇಡ.

ಪ್ರಶ್ನೆ: ಗೇರ್ ಅನುಪಾತ (ಹಿಡಿಕೆಯ ಒಂದು ಸುತ್ತಿಗೆ ರೀಲ್ ಎಷ್ಟು ಸುತ್ತು ದಾರ ಸುತ್ತುತ್ತದೆ ಎಂಬುದು) 5:1 ಒಳ್ಳೆಯದೋ, 7:1 ಒಳ್ಳೆಯದೋ?

ಉತ್ತರ: ಆಳಕ್ಕಿಳಿಯುವ ಕ್ರ್ಯಾಂಕ್‌ಬೈಟ್ ನೀರಿನಲ್ಲಿ ಭಾರ ಎಳೆಯುತ್ತದೆ, ಅದಕ್ಕೆ 5:1. ಹುಳು, ಜಿಗ್‌ (ತಲೆಗೆ ಭಾರದ ಗುಂಡಿರುವ ಗಾಳ) ನಂಥವಕ್ಕೆ ಸಡಿಲ ದಾರವನ್ನು ಬೇಗ ಸೆಳೆದುಕೊಳ್ಳಬೇಕು, 7:1. ಒಂದೇ ರೀಲಾದರೆ 6:1ರ ಆಸುಪಾಸು.

ಪ್ರಶ್ನೆ: ದೊಡ್ಡ ಮೀನು ಸಿಕ್ಕಾಗಲೆಲ್ಲ ದಾರ ತುಂಡಾಗುತ್ತದೆ. ಇನ್ನೂ ದಪ್ಪ ದಾರ ಹಾಕಲೇ?

ಉತ್ತರ: ಮೊದಲು ತುಂಡಾದ ತುದಿ ನೋಡಿ. ಹಂದಿ ಬಾಲದಂತೆ ಸುರುಳಿ ಸುತ್ತಿದ್ದರೆ ಗಂಟು ಜಾರಿದೆ. ಒರಟಾಗಿ ತರಚಿದ್ದರೆ ಕಲ್ಲಿಗೋ ಮರದ ಬೊಡ್ಡೆಗೋ ಉಜ್ಜಿದೆ. ಪ್ರತಿ ಮೀನಿನ ನಂತರ ಕೊನೆಯ ಅರ್ಧ ಮೀಟರನ್ನು ಬೆರಳಲ್ಲಿ ಸವರಿ, ತರಿತರಿ ತಗುಲಿದಲ್ಲಿಂದ ಕತ್ತರಿಸಿ ಹೊಸದಾಗಿ ಕಟ್ಟಿ. ಫ್ಲೋರೋಕಾರ್ಬನ್ ಗಂಟನ್ನು ಒಣಗಿದ್ದಾಗಲೇ ಬಿಗಿದರೆ ತಿಕ್ಕಾಟದ ಬಿಸಿಗೆ ದುರ್ಬಲವಾಗುತ್ತದೆ. ಎಂಜಲಲ್ಲಿ ಒದ್ದೆ ಮಾಡಿ ನಿಧಾನಕ್ಕೆ ಎಳೆಯಿರಿ. ಡ್ರ್ಯಾಗನ್ನು ದಾರದ ಬಲದ ಕಾಲುಭಾಗಕ್ಕೆ ಇಡಿ: 8 ಪೌಂಡ್ ದಾರ ಸುಮಾರು 3.6 ಕಿಲೋ ತಾಳುತ್ತದೆ, ತಕ್ಕಡಿಗೆ ಕಟ್ಟಿ ಎಳೆದಾಗ 900 ಗ್ರಾಂಗೆ ದಾರ ಬಿಡಲು ಶುರುವಾಗಬೇಕು.