ಗಂಡ-ಹೆಂಡತಿ ಇಬ್ಬರೇ ಸ್ವಂತ ದೋಣಿಯಲ್ಲಿ ವರ್ಜೀನಿಯಾದ ನಾರ್ಫೋಕ್‌ನಿಂದ ಮಯಾಮಿಗೆ ಹೋಗಬಹುದೇ?

ಖಂಡಿತ ಹೋಗಬಹುದು. ಚಳಿಗೆ ಮುಂಚೆ ಎಷ್ಟೋ ದಂಪತಿಗಳು ಹೀಗೆ ದಕ್ಷಿಣಕ್ಕೆ ಹೊರಡುತ್ತಾರೆ. ತೆರೆದ ಸಮುದ್ರಕ್ಕೆ ಇಳಿಯಲೇಬೇಕಿಲ್ಲ. ನದಿ, ಹಿನ್ನೀರು, ಕಾಲುವೆಗಳನ್ನು ಜೋಡಿಸಿದ ಇಂಟ್ರಾಕೋಸ್ಟಲ್ ವಾಟರ್‌ವೇ ಎಂಬ ಒಳದಾರಿ ಇದೆ. ಸುಮಾರು 1,750 ಕಿ.ಮೀ. ಹಗಲು ಮಾತ್ರ ಸಾಗಿ ದಿನಕ್ಕೆ 80 ಕಿ.ಮೀ. ದಾಟಿದರೂ ಮೂರು ವಾರ ಬೇಕು. ಗಾಳಿ, ರಿಪೇರಿ ಅಂತ ಒಂದೂವರೆ ತಿಂಗಳು ಇಟ್ಟುಕೊಳ್ಳಿ.

ಹಾಯಿದೋಣಿಯಾದರೆ ಮೊದಲು ಕಂಬ ಅಳೆಯಿರಿ, ತುದಿಯ ಆಂಟೆನಾ ಸಮೇತ. ತೆರೆಯದ ಸೇತುವೆಗಳು ಹೆಚ್ಚಾಗಿ 65 ಅಡಿ ಎತ್ತರದವು. ಮಯಾಮಿಯ ಜೂಲಿಯಾ ಟಟಲ್ ಸೇತುವೆ ಮಾತ್ರ 56 ಅಡಿ. ಎತ್ತರದ ಕಂಬದವರು ಅಷ್ಟು ದೂರ ಹೊರಗಿನಿಂದಲೇ ಹೋಗಬೇಕು.

ನನಗೆ ಜಾಸ್ತಿ ಮುಖ್ಯ ಅನಿಸುವುದು ಲಂಗರು. ಜಾರ್ಜಿಯಾದಲ್ಲಿ ಉಬ್ಬರ-ಇಳಿತದ ಅಂತರ 8 ಅಡಿಯವರೆಗೂ ಹೋಗುತ್ತದೆ. ಇಳಿತದಲ್ಲಿ ನೀರು 10 ಅಡಿ ಇದೆ ಅಂದುಕೊಳ್ಳಿ. ಉಬ್ಬರದ 8, ದೋಣಿಯ ಮೂತಿಯ ಎತ್ತರ 4 ಸೇರಿಸಿದರೆ 22. ಅದರ ಐದು ಪಟ್ಟು, ಅಂದರೆ 110 ಅಡಿ ಸರಪಳಿ ಬಿಡಿ. ಹಗ್ಗವಾದರೆ ಏಳು ಪಟ್ಟು. ಸುಮ್ನೆ 50 ಅಡಿ ಬಿಟ್ಟು ಮಲಗಿದರೆ ರಾತ್ರಿ ನೀರು ಏರಿದಾಗ ಲಂಗರು ಕಿತ್ತು ಬರಬಹುದು.

ಲಂಗರು ಹಾಕುವಾಗ ಒಬ್ಬರು ಮುಂದೆ ಸರಪಳಿ ಹತ್ತಿರ, ಇನ್ನೊಬ್ಬರು ಹಿಂದೆ ಚುಕ್ಕಾಣಿ ಹತ್ತಿರ. ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲ ಅಲ್ವಾ? ಕೈಸನ್ನೆಗಳನ್ನು ಮನೆಯಲ್ಲೇ ಮಾತಾಡಿಕೊಳ್ಳಿ: ಅಂಗೈ ತೋರಿಸಿದರೆ ನಿಲ್ಲಿಸು, ಹೆಬ್ಬೆರಳು ಹಿಂದಕ್ಕಾದರೆ ರಿವರ್ಸ್.

ನಾರ್ಫೋಕ್ ಬಿಟ್ಟ ಮೇಲೆ ದಾರಿ ಎರಡಾಗುತ್ತದೆ; ಆಯ್ಕೆ ಇದ್ದರೆ ಡಿಸ್ಮಲ್ ಸ್ವಾಂಪ್ ಕಾಲುವೆಯಲ್ಲೇ ಹೋಗಿ. ಅಲ್ಲಿನ ನೀರು ಟೀ ಡಿಕಾಕ್ಷನ್ ಬಣ್ಣ, ಮರಗಳ ಒಗರು ಇಳಿದದ್ದು.